ಅಮೆರಿಕದ ಫ್ರಟರ್ನಿಟಿ, ಸೊರೊರಿಟಿಗಳಲ್ಲಿ ಕಿವುಡ ವಿದ್ಯಾರ್ಥಿಗಳು: ಸೇರುವ ಮುನ್ನ ಮತ್ತು ಸೇರಿದ ಮೇಲೆ

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳಿಗೆ ಸುಮಾರು ಎರಡು ನೂರು ವರ್ಷಗಳ ಇತಿಹಾಸವಿದೆ. ಹುಡುಗರ ಸಂಘವನ್ನು ಫ್ರಟರ್ನಿಟಿ ಎಂದೂ ಹುಡುಗಿಯರ ಸಂಘವನ್ನು ಸೊರೊರಿಟಿ ಎಂದೂ ಕರೆಯುತ್ತಾರೆ. ಸದಸ್ಯರು ಹಲವೆಡೆ ಒಂದೇ ಮನೆಯಲ್ಲಿ ವಾಸಿಸುತ್ತಾರೆ, ಒಟ್ಟಿಗೆ ಊಟ ಮಾಡುತ್ತಾರೆ, ವಾರಕ್ಕೊಮ್ಮೆ ಸಭೆ ಸೇರುತ್ತಾರೆ, ಮತ್ತು ಓದು ಮುಗಿದ ಮೇಲೂ ಉದ್ಯೋಗ, ಪರಿಚಯ, ಶಿಫಾರಸುಗಳ ಮೂಲಕ ಒಬ್ಬರಿಗೊಬ್ಬರು ಒದಗುತ್ತಾರೆ. ಕಿವುಡ ಅಥವಾ ಶ್ರವಣದೋಷವಿರುವ ವಿದ್ಯಾರ್ಥಿಗೆ ಇಂತಹ ಬಳಗದಲ್ಲಿ ಸ್ಥಾನ ಸಿಗುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸುಲಭ: ಸಾಧ್ಯ, ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಅದು ನಡೆದುಕೊಂಡು ಬಂದಿದೆ. ಆದರೆ ಸದಸ್ಯತ್ವ ಸಿಕ್ಕ ಮಾತ್ರಕ್ಕೆ ಆ ಮನೆಯ ಮಾತುಕತೆಯೂ ತನ್ನಿಂದ ತಾನೇ ನಮ್ಮದಾಗುವುದಿಲ್ಲ. ಅದನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆದು, ವ್ಯವಸ್ಥೆ ಮಾಡಿಸಿಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ ಓದುತ್ತಿರುವ ಅಥವಾ ಓದಲು ಹೊರಟಿರುವ ಕನ್ನಡದ ಮಕ್ಕಳು ಮತ್ತು ಅವರ ತಂದೆತಾಯಿಯರು ಅದಕ್ಕಾಗಿ ಯಾವ ಕ್ರಮದಲ್ಲಿ ಮುಂದುವರಿಯಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಸಂಘದ ಬಗೆಯನ್ನು ತಿಳಿದುಕೊಳ್ಳಿ

ಕಿವುಡರೇ ಕಟ್ಟಿ, ಕಿವುಡರೇ ನಡೆಸುತ್ತಿರುವ ಸಂಘಗಳು ಒಂದು ಬಗೆಯವು. ವಾಷಿಂಗ್ಟನ್ ಡಿ.ಸಿ.ಯಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯಕ್ಕೆ 1864ರಲ್ಲಿ ಪದವಿ ನೀಡುವ ಅಧಿಕಾರ ದೊರೆಯಿತು. ಅಲ್ಲಿ ಪಾಠ, ಆಡಳಿತ, ಜಗಳ, ಹರಟೆ ಎಲ್ಲವೂ ಅಮೆರಿಕನ್ ಸನ್ನೆ ಭಾಷೆಯಲ್ಲೇ ನಡೆಯುತ್ತವೆ. ಅಲ್ಲಿನ ಹೆಣ್ಣುಮಕ್ಕಳ ಅತ್ಯಂತ ಹಳೆಯ ಸಂಘದ ಕಥೆಯನ್ನು ಇಲ್ಲಿ ಹೇಳಲೇಬೇಕು. 1887ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿತಾದರೂ ಹುಡುಗರ ಸಾಹಿತ್ಯ ಸಂಘದ ಬಾಗಿಲು ಅವರಿಗೆ ಮುಚ್ಚಿಯೇ ಇತ್ತು. ಆದ್ದರಿಂದ ಅವರು 1892ರಲ್ಲಿ ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡರು. ಅಗಾಥಾ ಟೀಗಲ್ ಅದರ ಮೊದಲ ಅಧ್ಯಕ್ಷೆಯಾದರು. 1954ರಲ್ಲಿ ಅದೇ ಸಂಘ ಫೈ ಕಪ್ಪಾ ಝೀಟಾ ಎಂಬ ಹೆಸರಿನ ಸೊರೊರಿಟಿಯಾಯಿತು. ಹುಡುಗರ ಕಪ್ಪಾ ಗಾಮಾ 1901ರದು, ಆಲ್ಫಾ ಸಿಗ್ಮಾ ಪೈ 1947ರದು, ಹುಡುಗಿಯರ ಡೆಲ್ಟಾ ಎಪ್ಸಿಲಾನ್ 1953ರದು. ಇಂತಹ ಸಂಘದಲ್ಲಿ ದುಭಾಷಿಯ ಪ್ರಶ್ನೆಯೇ ಏಳುವುದಿಲ್ಲ. ಬದಲಿಗೆ, ಮನೆಯಲ್ಲಿ ಮಾತನಾಡಿಯೇ ಬೆಳೆದು, ಸನ್ನೆ ಭಾಷೆ ಕಲಿಯದ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಅಳವಡಿಸುವ ಶ್ರವಣ ಸಾಧನ) ಬಳಕೆದಾರರಿಗೆ ಭಾಷೆ ಕಲಿಯುವ ಹೊಣೆ ಬೀಳುತ್ತದೆ. ಕಿವುಡರ ಸಂಘ ಎಂದ ಮಾತ್ರಕ್ಕೆ ಎಲ್ಲವೂ ನೆಟ್ಟಗಿರುತ್ತದೆ ಎಂದೂ ಭಾವಿಸಬಾರದು. ಕಪ್ಪಾ ಗಾಮಾದ ಹಳೆಯ ಛಾಯಾಚಿತ್ರಗಳಲ್ಲಿದ್ದ ಜನಾಂಗದ್ವೇಷದ ವಂದನೆಯ ಭಂಗಿ ವಿವಾದವಾಗಿ, 2020ರಲ್ಲಿ ವಿಶ್ವವಿದ್ಯಾಲಯವು ಆ ಸಂಘವನ್ನು ಅಮಾನತಿನಲ್ಲಿಟ್ಟಿತು. ಯಾವ ಸಂಘವಾದರೂ ಅದರ ಪೂರ್ವಾಪರವನ್ನು ವಿಚಾರಿಸಿಯೇ ಸೇರಬೇಕು.

ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದ ಸ್ಥಿತಿ ಬೇರೆ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಒಳಗೇ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಿದೆ. 1965ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯಲ್ಲಿ 1968ರಿಂದ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಕಿವುಡರೂ ಕೇಳುವವರೂ ಒಂದೇ ಆವರಣದಲ್ಲಿರುವುದರಿಂದ ಕಿವುಡರ ಸಂಘಗಳೂ ಉಂಟು, ಸನ್ನೆ ಭಾಷೆ ಬಲ್ಲ ಕೇಳುವ ಗೆಳೆಯರೂ ಉಂಟು. ದುಭಾಷಿಗಳ ದೊಡ್ಡ ಪಡೆಯೇ ಇರುವ ಇಂತಹ ಕಡೆ ಮುಂದೆ ಹೇಳಲಿರುವ ಅನೇಕ ಕಷ್ಟಗಳು ಅರ್ಧಕ್ಕರ್ಧ ಇಳಿಯುತ್ತವೆ.

ಉಳಿದ ನೂರಾರು ಕಾಲೇಜುಗಳಲ್ಲಿ ಇರುವುದು ರಾಷ್ಟ್ರಮಟ್ಟದ ಸಂಘಗಳ ಶಾಖೆಗಳು. ಅವುಗಳನ್ನು ಚಾಪ್ಟರ್ ಎನ್ನುತ್ತಾರೆ. 1990ರ ದಶಕದಲ್ಲಿ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿಗಳು ಕಟ್ಟಿಕೊಂಡ ಸಿಗ್ಮಾ ಬೀಟಾ ರೋ, ಡೆಲ್ಟಾ ಎಪ್ಸಿಲಾನ್ ಸೈ, ಡೆಲ್ಟಾ ಫೈ ಒಮೇಗಾದಂತಹ ಸಂಘಗಳೂ ಇವುಗಳಲ್ಲಿ ಸೇರಿವೆ. ಅಮೆರಿಕದಲ್ಲಿ ಬೆಳೆದ ಕನ್ನಡಿಗರ ಮಕ್ಕಳು ಇವುಗಳ ಕಡೆಗೆ ಸಹಜವಾಗಿಯೇ ವಾಲುತ್ತಾರೆ. ನಮ್ಮವರು ಎಂಬ ಸಲುಗೆ ಒಳ್ಳೆಯದೇ ಆದರೂ, ನಮ್ಮವರಾದ ಕಾರಣಕ್ಕೆ ಕಿವುಡರ ಅಗತ್ಯ ಅವರಿಗೆ ತಾನಾಗಿ ತಿಳಿದಿರುತ್ತದೆ ಎಂದೇನೂ ಇಲ್ಲ. ಇದೇ ಎಚ್ಚರಿಕೆ ಇನ್ನೊಂದು ಕಡೆಗೂ ಸಲ್ಲುತ್ತದೆ. ಡೆಲ್ಟಾ ಝೀಟಾ ಎಂಬ ದೊಡ್ಡ ಸೊರೊರಿಟಿ 1954ರಿಂದಲೂ ವಾಕ್ ಮತ್ತು ಶ್ರವಣ ಕ್ಷೇತ್ರದ ಸೇವೆಗೆ ನೆರವು ನೀಡುತ್ತ ಬಂದಿದೆ. ಅದು ಶ್ಲಾಘನೀಯ ಕೆಲಸ. ಆದರೆ ನಿಧಿ ಸಂಗ್ರಹಿಸುವ ಅಭ್ಯಾಸ ಬೇರೆ, ಊಟದ ಮೇಜಿನಲ್ಲಿ ಕಿವುಡ ಗೆಳತಿಗೆ ಮುಖ ಕೊಟ್ಟು ಮಾತನಾಡುವ ಅಭ್ಯಾಸ ಬೇರೆ. ಎರಡನೆಯದು ಆ ಶಾಖೆಯಲ್ಲಿ ಇದೆಯೇ ಎಂಬುದನ್ನು ನೇರವಾಗಿ ಕಂಡೇ ತಿಳಿಯಬೇಕು.

ಎರಡನೆಯ ಹೆಜ್ಜೆ: ಕಾಲೇಜಿನ ಅಂಗವಿಕಲ ಸೇವಾ ಕಚೇರಿಯಲ್ಲಿ ಹೆಸರು ನೋಂದಾಯಿಸಿ

ಸದಸ್ಯರನ್ನು ಆರಿಸಿಕೊಳ್ಳುವ ರಶ್ ಎಂಬ ಕಾರ್ಯಕ್ರಮ ಅನೇಕ ವಿಶ್ವವಿದ್ಯಾಲಯಗಳಲ್ಲಿ ಆಗಸ್ಟ್ ತಿಂಗಳಲ್ಲಿ, ತರಗತಿಗಳು ಶುರುವಾಗುವ ಮೊದಲೇ ನಡೆದುಹೋಗುತ್ತದೆ; ಕೆಲವೆಡೆ ಜನವರಿಯಲ್ಲಿ ನಡೆಯುತ್ತದೆ. ತರಗತಿ ಆರಂಭವಾದ ಮೇಲೆ ನೋಂದಾಯಿಸಿದರಾಯಿತು ಎಂದುಕೊಂಡವರಿಗೆ ರಶ್ ವೇಳೆಗೆ ದುಭಾಷಿ ಸಿಗುವುದಿಲ್ಲ. ಆದ್ದರಿಂದ ಪ್ರವೇಶ ಖಚಿತವಾದ ಕೂಡಲೇ ಆ ಕಚೇರಿಗೆ ಬರೆಯಿರಿ. ಕರ್ನಾಟಕದಿಂದ ಹೊರಡುವವರು ಇತ್ತೀಚಿನ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ), ಶ್ರವಣತಜ್ಞರ ಸಹಿಯಿರುವ ಇಂಗ್ಲಿಷ್ ವರದಿ, ಶ್ರವಣ ಸಾಧನ ಅಥವಾ ಇಂಪ್ಲಾಂಟಿನ ಮಾದರಿ ಮತ್ತು ಪ್ರೋಗ್ರಾಮಿಂಗ್ ವಿವರಗಳನ್ನು ಜೊತೆಗೆ ಒಯ್ಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಅಥವಾ ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು ತಮ್ಮ ಕಡತದ ಪ್ರತಿಯನ್ನು ವಿಮಾನ ಹತ್ತುವ ಮೊದಲೇ ಪಡೆದಿಟ್ಟುಕೊಂಡರೆ ಆಮೇಲೆ ಮನೆಯವರನ್ನು ಅಲೆದಾಡಿಸುವ ಪ್ರಸಂಗ ಬರುವುದಿಲ್ಲ.

ಭಾಷೆಯ ಸಿದ್ಧತೆಯೂ ಇದೇ ಹಂತದ ಕೆಲಸ. ಭಾರತೀಯ ಸನ್ನೆ ಭಾಷೆಯನ್ನು ಬಲ್ಲವರಿಗೆ ಅಮೆರಿಕನ್ ಸನ್ನೆ ಭಾಷೆ ಬೇರೆಯೇ ಭಾಷೆ; ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡು ಕೈಗಳಿಂದ ತೋರಿಸಿದರೆ ಅಲ್ಲಿ ಒಂದೇ ಕೈಯಿಂದ ತೋರಿಸುತ್ತಾರೆ. ತುಟಿ ನೋಡಿ ಮಾತು ಗ್ರಹಿಸುವವರ ಕಷ್ಟ ಇನ್ನೊಂದು ತೆರನಾದದ್ದು. ಅಮ್ಮನ ಕನ್ನಡವನ್ನು ತುಟಿಯಿಂದಲೇ ಸಲೀಸಾಗಿ ಓದುವ ಹುಡುಗಿಗೂ ಅಮೆರಿಕದವರ ಇಂಗ್ಲಿಷ್ ತುಟಿಗೆ ಕಣ್ಣು ಹೊಂದಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಕೂಡುವುದರಿಂದ, ಸಂದರ್ಭ ತಿಳಿಯದೆ ಹೋದರೆ ಅತ್ಯಂತ ನುರಿತವರಿಗೂ ಪದ ತಪ್ಪುತ್ತದೆ. ಇದನ್ನು ತಮ್ಮ ಕೊರತೆಯೆಂದು ಬಗೆದು ಯಾವ ವಿದ್ಯಾರ್ಥಿಯೂ ಕುಗ್ಗಬಾರದು.

ಮೂರನೆಯ ಹೆಜ್ಜೆ: ರಶ್ ವೇಳೆಗೆ ವ್ಯವಸ್ಥೆ ಮಾಡಿಸಿಕೊಳ್ಳಿ

ಸೊರೊರಿಟಿಗಳ ರಶ್ ಹೇಗಿರುತ್ತದೆಂದು ಮೊದಲೇ ತಿಳಿದಿದ್ದರೆ ಏನನ್ನು ಕೇಳಬೇಕೆಂಬುದೂ ತಿಳಿಯುತ್ತದೆ. ಬಾಗಿಲು ತೆರೆಯುತ್ತಿದ್ದಂತೆ ಸದಸ್ಯೆಯರೆಲ್ಲ ಒಟ್ಟಾಗಿ ಹಾಡುತ್ತ ಚಪ್ಪಾಳೆ ತಟ್ಟುತ್ತಾರೆ. ಒಳಗೆ ಒಂದೇ ಕೋಣೆಯಲ್ಲಿ ಹತ್ತಾರು ಜೋಡಿಗಳು ನಿಂತು ಏಕಕಾಲಕ್ಕೆ ಮಾತನಾಡುತ್ತವೆ. ಕೆಲವೇ ನಿಮಿಷಗಳಲ್ಲಿ ಒಬ್ಬಾಕೆ ಹೋಗಿ ಇನ್ನೊಬ್ಬಾಕೆ ಎದುರು ನಿಲ್ಲುತ್ತಾಳೆ. ಹೀಗೆ ಮನೆಯಿಂದ ಮನೆಗೆ ಸುತ್ತು ಮುಂದುವರಿಯುತ್ತದೆ. ಶ್ರವಣ ಸಾಧನವು ಎದುರಿನವರ ದನಿಯ ಜೊತೆಗೆ ಆ ಗದ್ದಲವನ್ನೂ ಹಿಗ್ಗಿಸಿ ಕೊಡುವುದರಿಂದ, ತರಗತಿಯಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುವ ವಿದ್ಯಾರ್ಥಿನಿಯೂ ಅಲ್ಲಿ ಏನೂ ತಿಳಿಯದೆ ನಗುತ್ತ ತಲೆಯಾಡಿಸುವ ಸ್ಥಿತಿಗೆ ಬರುತ್ತಾಳೆ. ಅಷ್ಟು ಹೊತ್ತಿನಲ್ಲಿ ಎದುರಿನಾಕೆ ಇವಳಿಗೆ ಆಸಕ್ತಿಯಿಲ್ಲ ಎಂದು ತೀರ್ಮಾನಿಸಿಬಿಟ್ಟಿರುತ್ತಾಳೆ. ರಶ್ ನಡೆಯುವ ಕ್ರಮದಲ್ಲೇ ಈ ಅನ್ಯಾಯ ಅಡಗಿರುವುದರಿಂದ, ವೈಯಕ್ತಿಕ ಚಾತುರ್ಯವನ್ನು ನಂಬಿಕೊಂಡು ಅದನ್ನು ದಾಟಲು ಹೊರಡುವುದು ಸರಿಯಲ್ಲ.

ಹಾಗಾಗಿ ರಶ್ ನಡೆಸುವ, ಈ ಸಂಘಗಳ ಉಸ್ತುವಾರಿ ನೋಡಿಕೊಳ್ಳುವ ಕಾಲೇಜಿನ ಗ್ರೀಕ್ ಲೈಫ್ ಕಚೇರಿಗೂ ಅಂಗವಿಕಲ ಸೇವಾ ಕಚೇರಿಗೂ ಒಂದೇ ಇಮೇಲ್ ಬರೆಯಿರಿ. ಅದರ ಒಕ್ಕಣೆ ಹೀಗಿರಬಹುದು: ‘ನಾನು ಕಿವುಡ ವಿದ್ಯಾರ್ಥಿ. ಇಂತಹ ದಿನಾಂಕಗಳ ರಶ್ ಕಾರ್ಯಕ್ರಮಕ್ಕೆ ಹೆಸರು ಕೊಟ್ಟಿದ್ದೇನೆ. ಪ್ರತಿ ಸುತ್ತಿಗೂ ನನಗೆ ಅಮೆರಿಕನ್ ಸನ್ನೆ ಭಾಷೆಯ ಇಬ್ಬರು ದುಭಾಷಿಗಳು ಬೇಕು. ಪ್ರತಿ ಮನೆಯಲ್ಲೂ ಗದ್ದಲದಿಂದ ದೂರವಾದ, ಬೆಳಕು ಚೆನ್ನಾಗಿರುವ ಒಂದು ಮೂಲೆಯಲ್ಲಿ ಮಾತುಕತೆಗೆ ಅವಕಾಶ ಬೇಕು. ಹಾಡು ಮತ್ತು ಭಾಷಣಗಳ ಪಠ್ಯವನ್ನು ಹಿಂದಿನ ದಿನವೇ ಕಳುಹಿಸಿಕೊಡಬೇಕು. ಈ ವ್ಯವಸ್ಥೆ ಆಗಿರುವುದನ್ನು ಬರಹದಲ್ಲಿ ತಿಳಿಸಬೇಕು.’ ಇಬ್ಬರು ದುಭಾಷಿಗಳನ್ನು ಕೇಳಲು ಕಾರಣವಿದೆ. ದೀರ್ಘ ಕಾರ್ಯಕ್ರಮಗಳಲ್ಲಿ ಅವರು ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಸರದಿ ಬದಲಾಯಿಸುತ್ತಾರೆ. ಒಬ್ಬರೇ ಗಂಟೆಗಟ್ಟಲೆ ಮಾಡಿದರೆ ದಣಿವಿನಿಂದ ಅನುವಾದ ಕೆಡುತ್ತದೆ. ಸನ್ನೆ ಭಾಷೆ ಬಳಸದವರು ದುಭಾಷಿಯ ಬದಲು ನೇರ ಕ್ಯಾಪ್ಷನ್ ಬರೆಯುವವರನ್ನು, ಅಂದರೆ ಆಡಿದ ಮಾತನ್ನು ಆಗಿಂದಾಗಲೇ ಪರದೆಯ ಮೇಲೆ ಬರೆದು ತೋರಿಸುವವರನ್ನು, ಕೇಳಬಹುದು, ಅಥವಾ ಮಾತನಾಡುವವರ ಕೈಗೆ ಕೊಡುವ ರಿಮೋಟ್ ಮೈಕನ್ನು ತಮ್ಮ ಸಾಧನಕ್ಕೆ ಜೋಡಿಸಿಕೊಳ್ಳಬಹುದು. ಮಾತನ್ನು ಬರಹವಾಗಿ ತೋರಿಸುವ, ಫೋನಿನ ಲೈವ್ ಟ್ರಾನ್ಸ್‌ಕ್ರೈಬ್‌ನಂತಹ ಆ್ಯಪ್ ಶಾಂತ ಕೋಣೆಯಲ್ಲಿ ಒಬ್ಬರೊಡನೆ ಮಾತನಾಡಲು ಉಪಕಾರಿ. ರಶ್ ಗದ್ದಲದಲ್ಲಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಬಿಡ್ ಒಪ್ಪುವ ಮೊದಲು ಖರ್ಚಿನ ಹೊಣೆ ಯಾರದೆಂದು ಕೇಳಿ

ಸಂಘವು ನೀಡುವ ಆಹ್ವಾನಕ್ಕೆ ಬಿಡ್ ಎನ್ನುತ್ತಾರೆ. ಅದು ಕೈಗೆ ಬಂದ ಸಂಭ್ರಮದಲ್ಲಿ ಹೆಚ್ಚಿನವರು ಕೂಡಲೇ ಸಹಿ ಹಾಕುತ್ತಾರೆ; ಶುಲ್ಕ ಎಷ್ಟೆಂದು ಕೇಳುವ ತಂದೆತಾಯಿಯರೂ ದುಭಾಷಿಯ ಖರ್ಚನ್ನು ಕೇಳಲು ಮರೆಯುತ್ತಾರೆ. ಕಾನೂನು ಸ್ವಲ್ಪ ತೊಡಕಾಗಿರುವುದೂ ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

1973ರ ಪುನರ್ವಸತಿ ಕಾಯ್ದೆಯ 504ನೆಯ ಕಲಮು ಕೇಂದ್ರ ಸರ್ಕಾರದ ಹಣ ಪಡೆಯುವ ಕಾಲೇಜುಗಳಿಗೆ ಅನ್ವಯಿಸುತ್ತದೆ, ಅಂದರೆ ಬಹುತೇಕ ಎಲ್ಲ ಕಾಲೇಜುಗಳಿಗೆ. 1990ರ ಅಮೆರಿಕನ್ ಅಂಗವಿಕಲರ ಕಾಯ್ದೆಯು ಸರ್ಕಾರಿ ಕಾಲೇಜುಗಳಿಗೂ ಸಾರ್ವಜನಿಕರಿಗೆ ತೆರೆದಿರುವ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆದರೆ ಇದೇ ಕಾಯ್ದೆ ಖಾಸಗಿ ಕ್ಲಬ್ಬುಗಳಿಗೆ ವಿನಾಯಿತಿ ಕೊಟ್ಟಿದೆ. ತಾವು ಖಾಸಗಿ ಕ್ಲಬ್, ದುಭಾಷಿಯನ್ನು ಒದಗಿಸುವ ಹೊಣೆ ತಮ್ಮದಲ್ಲ ಎಂದು ಸಂಘವೊಂದು ವಾದಿಸಲು ಇಲ್ಲಿ ಎಡೆಯಿದೆ. ಹಾಗೆಂದು ವಿದ್ಯಾರ್ಥಿ ಕೈಚೆಲ್ಲಿ ಕೂರಬೇಕಾಗಿಲ್ಲ. 504ನೆಯ ಕಲಮಿನ ಶಿಕ್ಷಣ ಇಲಾಖೆಯ ನಿಯಮಗಳಲ್ಲಿ ಫ್ರಟರ್ನಿಟಿ, ಸೊರೊರಿಟಿಗಳನ್ನು ಹೆಸರಿಸಿಯೇ ಒಂದು ಅಂಶವನ್ನು ಸೇರಿಸಲಾಗಿದೆ: ಇಂತಹ ಸಂಘಗಳಿಗೆ ಗಣನೀಯ ನೆರವು ನೀಡುವ ಕಾಲೇಜು, ಅವುಗಳ ಸದಸ್ಯತ್ವದ ಪದ್ಧತಿಯಲ್ಲಿ ಅಂಗವೈಕಲ್ಯದ ಆಧಾರದ ತಾರತಮ್ಯಕ್ಕೆ ಅವಕಾಶವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೀಗಾಗಿ ಈ ಸಂಘಕ್ಕೆ ಕಾಲೇಜು ಏನೇನು ಕೊಡುತ್ತಿದೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಮನೆಯ ಜಾಗ ಕಾಲೇಜಿನದೇ, ಸಂಘಕ್ಕೆ ಮೇಲ್ವಿಚಾರಣೆ ನಡೆಸುವ ಸಿಬ್ಬಂದಿಯ ಸಂಬಳ ಯಾರದು, ಕಾಲೇಜಿನ ಸಭಾಂಗಣವನ್ನು ಪುಕ್ಕಟೆಯಾಗಿ ಬಳಸುತ್ತಾರೆಯೇ ಎಂಬುದನ್ನೆಲ್ಲ ವಿಚಾರಿಸಿ ಬರೆದಿಟ್ಟುಕೊಳ್ಳಿ. ಕಾಲೇಜು ತಾನೇ ನಡೆಸುವ ರಶ್, ತರಬೇತಿ, ಸಮಾರಂಭಗಳಲ್ಲಂತೂ ಸಂವಹನದ ಏರ್ಪಾಡು ಕಾಲೇಜಿನ ಹೊಣೆ. ಅದಕ್ಕಾಗಿ ವಿದ್ಯಾರ್ಥಿಯಿಂದ ಹೆಚ್ಚುವರಿ ಹಣ ಕೇಳುವಂತಿಲ್ಲ.

ಈ ತಿಳಿವಳಿಕೆಯೊಂದಿಗೆ ಶಾಖೆಯ ಅಧ್ಯಕ್ಷರನ್ನೂ ಸಂಘದ ರಾಷ್ಟ್ರೀಯ ಕಚೇರಿಯನ್ನೂ ಕೇಳಬೇಕಾದ ಪ್ರಶ್ನೆಗಳು ನಾಲ್ಕೈದು ಮಾತ್ರ. ವಾರದ ಸಭೆಗೆ ದುಭಾಷಿ ಅಥವಾ ಕ್ಯಾಪ್ಷನ್ ವ್ಯವಸ್ಥೆಯನ್ನು ಯಾರು ಕಾಯ್ದಿರಿಸುತ್ತಾರೆ, ಯಾರು ಹಣ ಕೊಡುತ್ತಾರೆ? ತಡವಾಗಿ ಗೊತ್ತಾಗುವ ಕಾರ್ಯಕ್ರಮಗಳಿಗೆ ಏನು ಮಾಡುತ್ತಾರೆ? ಗುಟ್ಟಾಗಿ ನಡೆಯುವ ದೀಕ್ಷಾ ವಿಧಿಗೆ ದುಭಾಷಿಯನ್ನು ಒಳಗೆ ಬಿಡುತ್ತಾರೆಯೇ? ಹಿಂದೆ ಇಲ್ಲಿ ಕಿವುಡ ಸದಸ್ಯರು ಇದ್ದರೇ, ಅವರೊಂದಿಗೆ ಮಾತನಾಡಬಹುದೇ? ಉತ್ತರಕ್ಕಾಗಿ ‘ಅದನ್ನೆಲ್ಲ ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತು ಬಂದರೆ, ಎಷ್ಟೇ ಅಕ್ಕರೆಯಿಂದ ಹೇಳಿದ್ದರೂ ಅದನ್ನು ಉತ್ತರವೆಂದು ಪರಿಗಣಿಸಬೇಡಿ. ತಿಳಿಯದಿದ್ದರೂ ವಿಚಾರಿಸಿ ಎರಡು ದಿನದಲ್ಲಿ ಮರುಪತ್ರ ಬರೆಯುವ ಶಾಖೆ, ಎಲ್ಲಕ್ಕೂ ಹೂಂಗುಟ್ಟಿ ಏನೂ ಬರೆಯದ ಶಾಖೆಗಿಂತ ಎಷ್ಟೋ ಮೇಲು.

ಸನ್ನೆ ಭಾಷೆ ಅಲ್ಪಸ್ವಲ್ಪ ಬಲ್ಲ ಸದಸ್ಯೆಯೇ ದುಭಾಷಿಯಾಗಲಿ ಎಂಬ ಸಲಹೆ ಸಾಮಾನ್ಯವಾಗಿ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಆಕೆಗೂ ಸಭೆಯಲ್ಲಿ ಮಾತನಾಡುವ, ಮತ ಹಾಕುವ, ಸುಮ್ಮನೆ ಕುಳಿತು ನಗುವ ಹಕ್ಕಿದೆ. ಆ ಹಕ್ಕನ್ನು ಕಸಿದುಕೊಂಡರೆ ಕೆಲವೇ ವಾರಗಳಲ್ಲಿ ಗೆಳೆತನ ಹೊರೆಯಾಗುತ್ತದೆ.

ಐದನೆಯ ಹೆಜ್ಜೆ: ಮನೆಯಲ್ಲಿ ವಾಸಿಸುವುದಾದರೆ ಮೊದಲು ಬೆಂಕಿಯ ಎಚ್ಚರಿಕೆ

ಸಂಘದ ಮನೆಗಳಲ್ಲಿ ಅನೇಕವು ಹಳೆಯ ಕಟ್ಟಡಗಳು. ಹೊಗೆ ಪತ್ತೆಯಾದಾಗ ಕೂಗುವ ಸೈರನ್, ಸಾಧನವನ್ನು ತೆಗೆದಿಟ್ಟು ಮಲಗಿರುವ ಕಿವುಡ ವಿದ್ಯಾರ್ಥಿಗೆ ಇಲ್ಲದಂತೆಯೇ. ಮಲಗುವ ಕೋಣೆಯಲ್ಲಿ ಜೋರಾಗಿ ಮಿನುಗುವ ದೀಪ ಮತ್ತು ದಿಂಬಿನ ಕೆಳಗೆ ಅಥವಾ ಹಾಸಿಗೆಗೆ ಜೋಡಿಸುವ ಕಂಪಕ ಎರಡೂ ಇರಬೇಕು, ಅವು ಕಟ್ಟಡದ ಮುಖ್ಯ ಎಚ್ಚರಿಕೆ ವ್ಯವಸ್ಥೆಗೆ ಕೂಡಿಕೊಂಡಿರಬೇಕು. ಸ್ನಾನದ ಮನೆಯಲ್ಲೂ ದೀಪ ಬೇಕು. ಬಾಗಿಲಿನ ಕರೆಗಂಟೆಗೂ ಮಿನುಗುವ ದೀಪವನ್ನು ಹಾಕಿಸಿಕೊಂಡರೆ, ಕೋಣೆಯ ಗೆಳತಿ ಬಾಗಿಲು ಬಡಿದು ಬಡಿದು ಬೇಸತ್ತು ಹೋಗುವುದು ತಪ್ಪುತ್ತದೆ. ಕಟ್ಟಡ ಕಾಲೇಜಿನದಾಗಿದ್ದರೆ ವೆಚ್ಚ ಕಾಲೇಜಿನದು. ಸಂಘದ ಖಾಸಗಿ ಮನೆಯಾಗಿದ್ದರೆ ವಸತಿ ತಾರತಮ್ಯ ತಡೆಯುವ ಕಾಯ್ದೆಯ 1988ರ ತಿದ್ದುಪಡಿಯಂತೆ, ಅಗತ್ಯವಾದ ಮಾರ್ಪಾಟಿಗೆ ಅನುಮತಿ ನಿರಾಕರಿಸುವಂತಿಲ್ಲ. ಆದರೆ ಖರ್ಚು ಬಾಡಿಗೆದಾರರ ಮೇಲೆ ಬೀಳಬಹುದು. ಸದಸ್ಯತ್ವ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ವಿಷಯ ತೀರ್ಮಾನವಾಗಬೇಕು. ವಾಸಕ್ಕೆ ಬಂದ ಮೊದಲ ದಿನ ಯಾರನ್ನಾದರೂ ಕರೆದು ಎಚ್ಚರಿಕೆ ಗಂಟೆಯನ್ನು ಒತ್ತಿಸಿ, ನೀವು ಕಣ್ಣು ಮುಚ್ಚಿ ಮಲಗಿ, ಹಾಸಿಗೆ ನಡುಗುತ್ತದೆಯೇ ಎಂದು ಪರೀಕ್ಷಿಸಿ.

ಆರನೆಯ ಹೆಜ್ಜೆ: ಹೊಸ ಸದಸ್ಯರ ಅವಧಿಯಲ್ಲಿ ನಿಮ್ಮ ಗೆರೆಯನ್ನು ಮೊದಲೇ ಎಳೆಯಿರಿ

ನಮ್ಮಲ್ಲಿ ರ‍್ಯಾಗಿಂಗ್ ಎನ್ನುವುದನ್ನು ಅಲ್ಲಿ ಹೇಜಿಂಗ್ ಎನ್ನುತ್ತಾರೆ. ಹೆಚ್ಚಿನ ರಾಜ್ಯಗಳಲ್ಲಿ ಅದರ ವಿರುದ್ಧ ಕಾನೂನಿದೆ. 2024ರ ಡಿಸೆಂಬರಿನಲ್ಲಿ ಅಧ್ಯಕ್ಷರ ಸಹಿ ಪಡೆದ ಕೇಂದ್ರ ಕಾಯ್ದೆಯಂತೆ, ಕಾಲೇಜುಗಳು ತಮ್ಮಲ್ಲಿ ನಡೆದ ಹೇಜಿಂಗ್ ಪ್ರಕರಣಗಳನ್ನೂ ತಪ್ಪಿತಸ್ಥ ಸಂಘಗಳ ಹೆಸರನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕು. ಸೇರಲು ಬಯಸುವ ಸಂಘದ ಹೆಸರು ಆ ವರದಿಯಲ್ಲಿ ಇದೆಯೇ ಎಂದು ತಂದೆತಾಯಿಯರೂ ಮನೆಯಲ್ಲೇ ಕುಳಿತು ನೋಡಬಹುದು.

ಕೇಳುವ ವಿದ್ಯಾರ್ಥಿಗೆ ಕಿರಿಕಿರಿಯೆನಿಸುವ ಕೆಲವು ಆಚರಣೆಗಳು ಕಿವುಡ ವಿದ್ಯಾರ್ಥಿಯನ್ನು ನೇರ ಅಪಾಯಕ್ಕೆ ದೂಡುತ್ತವೆ. ಕಣ್ಣಿಗೆ ಬಟ್ಟೆ ಕಟ್ಟುವುದನ್ನೇ ತೆಗೆದುಕೊಳ್ಳಿ. ಕೇಳುವವರಿಗೆ ಆಗಲೂ ಸುತ್ತಲಿನ ದನಿಗಳು ಉಳಿದಿರುತ್ತವೆ, ‘ನಿಲ್ಲಿಸಿ’ ಎಂದು ಕೂಗಿ ಬಂದ ಉತ್ತರವನ್ನು ಕೇಳಿಸಿಕೊಳ್ಳಬಹುದು. ಕಿವುಡ ವಿದ್ಯಾರ್ಥಿಯ ಪಾಲಿಗೆ ಆ ಕ್ಷಣದಿಂದ ಯಾರು ಎಲ್ಲಿದ್ದಾರೆ, ಏನು ಹೇಳುತ್ತಿದ್ದಾರೆ ಎಂಬ ಎಳೆಯೇ ಕಡಿದುಹೋಗುತ್ತದೆ. ಕೈ ಹಿಡಿದು ನಿಲ್ಲಿಸುವುದು, ಕೈ ಕಟ್ಟುವುದು ಸನ್ನೆ ಭಾಷೆಯವರ ಬಾಯಿ ಮುಚ್ಚಿದಂತೆ. ಸಾಧನ ಒದ್ದೆಯಾಗುವ ಆಟ, ಅದನ್ನು ತೆಗೆಸಿ ಬೇರೆಯವರ ವಶಕ್ಕೆ ಕೊಡಿಸುವುದು, ಫೋನ್ ಕಸಿದುಕೊಳ್ಳುವುದು, ಇವು ಯಾವುದಕ್ಕೂ ಒಪ್ಪುವುದಿಲ್ಲವೆಂದು ಹೊಸ ಸದಸ್ಯರ ಹೊಣೆ ಹೊತ್ತವರಿಗೆ ಮೊದಲ ವಾರದಲ್ಲೇ ಬರೆದು ತಿಳಿಸಿ. ಮದ್ಯದ ವಿಚಾರದಲ್ಲಿ ಅಲ್ಲಿನ ಕಾನೂನುಬದ್ಧ ವಯಸ್ಸು 21 ಎಂಬುದನ್ನು, ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಬಂಧನದ ಪರಿಣಾಮ ಕಾಲೇಜಿನ ಶಿಸ್ತುಕ್ರಮಕ್ಕಿಂತ ದೂರ ಹೋಗಬಹುದು ಎಂಬುದನ್ನು ಮರೆಯಬಾರದು.

ದೀಕ್ಷೆಯ ರಾತ್ರಿಯದು ಇನ್ನೊಂದು ಸಮಸ್ಯೆ. ಮೇಣದ ಬತ್ತಿಯ ಮಬ್ಬು ಬೆಳಕಿನಲ್ಲಿ, ಕೆಲವೊಮ್ಮೆ ಮುಖ ಮುಚ್ಚುವ ನಿಲುವಂಗಿ ತೊಟ್ಟವರು ಪ್ರತಿಜ್ಞೆ ಬೋಧಿಸುತ್ತಾರೆ. ತುಟಿಯೂ ಕಾಣದು, ಕೈಯೂ ಕಾಣದು. ದುಭಾಷಿಯ ಮೇಲೆ ಮಾತ್ರ ಬೀಳುವಂತೆ ಒಂದು ಸಣ್ಣ ದೀಪ, ಪ್ರತಿಜ್ಞೆಯ ಮುದ್ರಿತ ಪ್ರತಿಯನ್ನು ಅಲ್ಲೇ ಓದಿ ಹಿಂತಿರುಗಿಸುವ ಏರ್ಪಾಡು, ಇವೆರಡರಿಂದ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ. ಗುಟ್ಟು ಬಯಲಾದೀತು ಎಂಬ ಆಕ್ಷೇಪಕ್ಕೂ ಉತ್ತರವಿದೆ. ಪ್ರಮಾಣಿತ ದುಭಾಷಿಗಳು ವೃತ್ತಿಸಂಹಿತೆಯಂತೆ ಗೋಪ್ಯತೆಗೆ ಬದ್ಧರು. ಆಸ್ಪತ್ರೆ, ನ್ಯಾಯಾಲಯಗಳ ಗುಟ್ಟನ್ನೇ ಕಾಯುವವರು ಅವರು. ಅಷ್ಟರಿಂದಲೂ ಸಮಾಧಾನವಾಗದಿದ್ದರೆ ಅದೇ ಸಂಘದ ಹಳೆಯ ಸದಸ್ಯರಲ್ಲಿ ದುಭಾಷಿ ವೃತ್ತಿಯವರು ಇದ್ದಾರೆಯೇ ಎಂದು ರಾಷ್ಟ್ರೀಯ ಕಚೇರಿ ಹುಡುಕಿಕೊಡಬಹುದು.

ಏಳನೆಯ ಹೆಜ್ಜೆ: ಊಟದ ಮೇಜು ಮತ್ತು ಸಭೆ

ಸದಸ್ಯರಾದ ಮೇಲೆ ಹೆಚ್ಚು ನೋಯಿಸುವುದು ದೊಡ್ಡ ಸಮಾರಂಭಗಳಲ್ಲ, ದಿನದಿನದ ಊಟ. ಹತ್ತು ಹನ್ನೆರಡು ಮಂದಿ ಉದ್ದನೆಯ ಮೇಜಿಗೆ ಕುಳಿತಿರುತ್ತಾರೆ, ಮಾತು ಆ ತುದಿಯಿಂದ ಈ ತುದಿಗೆ ಹಾರುತ್ತಿರುತ್ತದೆ. ಯಾರು ಮಾತನಾಡಿದರೆಂದು ಕಣ್ಣು ಹುಡುಕುವಷ್ಟರಲ್ಲಿ ಎಲ್ಲರೂ ನಕ್ಕಾಗಿರುತ್ತದೆ. ಏನಾಯಿತೆಂದು ಪಕ್ಕದವರನ್ನು ಕೇಳಿದರೆ ‘ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ’ ಎಂಬ ಉತ್ತರ. ಕಿವುಡರು ಇದನ್ನು ಸ್ವಂತ ಮನೆಗಳಲ್ಲಿ, ಮದುವೆ ಮುಂಜಿಗಳಲ್ಲಿ ಉಂಡವರೇ. ಹೊಸ ಬಳಗದಲ್ಲೂ ಅದೇ ಮರುಕಳಿಸಬಾರದು ಎಂಬುದಕ್ಕಾಗಿಯೇ ಇಷ್ಟು ಸಿದ್ಧತೆ.

ಉದ್ದ ಮೇಜಿನ ಬದಲು ದುಂಡು ಮೇಜನ್ನು, ಕಿಟಕಿಗೆ ಬೆನ್ನು ಮಾಡಿ ಕೂರುವ ಜಾಗವನ್ನು ಆರಿಸಿಕೊಳ್ಳಿ. ಹಿಂದೆ ಬೆಳಕಿದ್ದರೆ ಎದುರಿನವರ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಊಟದ ಹೊತ್ತಿನಲ್ಲಿ ಸಂಗೀತ ಹಾಕಬಾರದೆಂದು ಕೇಳಿಕೊಳ್ಳಿ. ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು, ಕೈ ಎತ್ತಿ, ಹೆಸರು ಹೇಳಿ ಮಾತನಾಡುವ ನಿಯಮವಿರಲಿ. ಬಹುತೇಕ ಶಾಖೆಗಳ ಸಭಾ ನಿಯಮದಲ್ಲಿ ಇದು ಬರಹದಲ್ಲಿ ಇದ್ದೇ ಇರುತ್ತದೆ, ಪಾಲನೆಯಾಗುವುದಿಲ್ಲ ಅಷ್ಟೆ. ದುಭಾಷಿಯ ಅನುವಾದ ಒಂದೆರಡು ಕ್ಷಣ ಹಿಂದೆ ಬರುವುದರಿಂದ ಮತಕ್ಕೆ ಹಾಕುವ ಮೊದಲು ಅಧ್ಯಕ್ಷರು ಸ್ವಲ್ಪ ತಡೆಯಬೇಕು. ದಿಢೀರನೆ ಬದಲಾಗುವ ಕಾರ್ಯಕ್ರಮಗಳ ಸುದ್ದಿ ಬಾಯಿಮಾತಿನಲ್ಲಿ ಹರಡದೆ ಗುಂಪಿನ ಚಾಟಿನಲ್ಲಿ ಬರಲಿ.

ಸದಸ್ಯರಿಗೆ ವಾರಕ್ಕೊಮ್ಮೆ ಸನ್ನೆ ಭಾಷೆ ಕಲಿಸಲು ನಿಮಗೆ ಮನಸ್ಸಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಎಲ್ಲರಿಗೂ ಕಲಿಸುವ ಹೊಣೆಯನ್ನು ನೀವೊಬ್ಬರೇ ಹೊರಬೇಕಾಗಿಲ್ಲ. ಕಾಲೇಜಿನ ಸನ್ನೆ ಭಾಷಾ ವಿಭಾಗದ ಶಿಕ್ಷಕರನ್ನು ಕರೆಸಬಹುದು. ಎರಡನೆಯ ವರ್ಷದಲ್ಲಿ ಖಜಾಂಚಿ ಅಥವಾ ಕಾರ್ಯದರ್ಶಿ ಹುದ್ದೆಗೆ ಸ್ಪರ್ಧಿಸಿ. ದುಭಾಷಿಯ ಖರ್ಚು ಶಾಖೆಯ ವಾರ್ಷಿಕ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತಾಗಿ ಸೇರಿದರೆ, ನಿಮ್ಮ ನಂತರ ಬರುವ ಕಿವುಡ ವಿದ್ಯಾರ್ಥಿ ಮತ್ತೆ ಮೊದಲಿನಿಂದ ಬೇಡಿಕೊಳ್ಳಬೇಕಾಗುವುದಿಲ್ಲ.

ಎಂಟನೆಯ ಹೆಜ್ಜೆ: ನಿರಾಕರಿಸಿದರೆ

ಕೇಳಿದ್ದು, ಬಂದ ಉತ್ತರ, ದಿನಾಂಕ ಎಲ್ಲವನ್ನೂ ಇಮೇಲಿನಲ್ಲೇ ಇಟ್ಟುಕೊಂಡಿರಿ. ಬಾಯಿಮಾತಿನಲ್ಲಿ ಇಲ್ಲವೆಂದರೆ, ‘ಇಂದು ನೀವು ಹೀಗೆ ತಿಳಿಸಿದಿರಿ ಎಂದು ಅರ್ಥಮಾಡಿಕೊಂಡಿದ್ದೇನೆ’ ಎಂದು ಅಂದೇ ಬರೆದು ಕಳುಹಿಸಿ. ಮೊದಲು ಕಾಲೇಜಿನಲ್ಲಿ 504ನೆಯ ಕಲಮಿನ ಹೊಣೆ ಹೊತ್ತ ಅಧಿಕಾರಿಗೆ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಸಲ್ಲಿಸಬಹುದು. ತಾರತಮ್ಯ ನಡೆದ ದಿನದಿಂದ 180 ದಿನಗಳೊಳಗೆ ಅದು ತಲುಪಬೇಕು. ವಸತಿಗೆ ಸಂಬಂಧಿಸಿದ ದೂರನ್ನು ಕೇಂದ್ರ ವಸತಿ ಇಲಾಖೆಗೆ ಒಂದು ವರ್ಷದೊಳಗೆ ಕೊಡಬೇಕು. ಇದಕ್ಕೆ ಅಮೆರಿಕದ ಪೌರತ್ವ ಬೇಕಾಗಿಲ್ಲ, ವಿದ್ಯಾರ್ಥಿ ವೀಸಾದಲ್ಲಿ ಓದುತ್ತಿರುವವರಿಗೂ ಈ ಹಕ್ಕಿದೆ. ಕಾಲೇಜಿನ ಒಳಗಿನ ವಿಚಾರಣೆ ನಡೆಯುತ್ತಿದೆ ಎಂಬ ಕಾರಣಕ್ಕೆ 180 ದಿನಗಳ ಗಡುವು ತಾನಾಗಿಯೇ ನಿಲ್ಲುವುದಿಲ್ಲವಾದ್ದರಿಂದ, ಮೊದಲ ನಿರಾಕರಣೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಅಂದೇ ಗುರುತು ಹಾಕಿಕೊಳ್ಳಿ.